ನೂಕುನುಗ್ಗಲಿಗೆ ಸಿಗದೆ ಆಟೋಗ್ರಾಫ್ ಪಡೆಯುವುದು ಹೇಗೆ?

ಮೊಬೈಲ್ ಬಂದ ಮೇಲೆ ಆಟೋಗ್ರಾಫ್ ಪುಸ್ತಕ ಮೂಲೆ ಸೇರಿತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸೆಲ್ಫಿ ತೆಗೆಯುವಾಗ ಇಬ್ಬರ ಕಣ್ಣೂ ಫೋನಿನ ಮೇಲಿರುತ್ತದೆ. ಸಹಿ ಹಾಕುವವರು ನಿಮ್ಮ ಮುಖ ನೋಡುತ್ತಾರೆ, ಹೆಸರು ಕೇಳುತ್ತಾರೆ, ಅದನ್ನು ತಮ್ಮ ಕೈಯಾರೆ ಬರೆಯುತ್ತಾರೆ. ಆ ಅರ್ಧ ನಿಮಿಷ ಪೂರ್ತಿ ನಿಮ್ಮದು.

ಆದರೆ ಆ ಅರ್ಧ ನಿಮಿಷ ಸಾವಿರಾರು ಜನರ ಮಧ್ಯೆ ನುಗ್ಗಿದರೆ ಸಿಗುವುದಿಲ್ಲ. ಬ್ಯಾರಿಕೇಡಿಗೆ ಎದೆ ಒತ್ತಿಕೊಂಡು ಕೈ ಚಾಚಿದವರಲ್ಲಿ ಹೆಚ್ಚಿನವರು ಬರಿಗೈಲಿ ಮನೆಗೆ ಹೋಗುತ್ತಾರೆ. ಅದೇ ವ್ಯಕ್ತಿ ಕಾರ್ಯಕ್ರಮಕ್ಕೆ ಮುಂಚೆಯೋ, ಜನ ಕರಗಿದ ಮೇಲೋ ಆರಾಮಾಗಿ ಕೂತಿರುತ್ತಾರೆ. ಸಹಿ ಸಂಗ್ರಹದಲ್ಲಿ ಮುಕ್ಕಾಲು ಪಾಲು ಕೆಲಸ ಜಾಗ ಮತ್ತು ಹೊತ್ತು ಆರಿಸಿಕೊಳ್ಳುವುದೇ.

ಮೊದಲು: ಯಾರ ಸಹಿ ಬೇಕು?

ಆಟೋಗ್ರಾಫ್ ಅಂದ ಕೂಡಲೇ ಸಿನಿಮಾ ನಟರೇ ನೆನಪಾಗುತ್ತಾರೆ. ಅವರ ಸಹಿ ಬೇಡ ಅನ್ನುತ್ತಿಲ್ಲ. ಆದರೆ ಅಲ್ಲಿಂದಲೇ ಶುರು ಮಾಡಿದರೆ ಬೇಗ ಬೇಸರ ಬರುತ್ತದೆ. ದಾವಣಗೆರೆ, ಚಿತ್ರದುರ್ಗದಂಥ ನಮ್ಮ ಜಿಲ್ಲೆಗಳಲ್ಲಿ ಹತ್ತಿರ ಹೋಗಿ ಮಾತಾಡಿಸಬಹುದಾದ ದೊಡ್ಡವರು ಬೇಕಾದಷ್ಟು ಜನ ಇದ್ದಾರೆ.

ದಾವಣಗೆರೆ ನಾಟಕ ಕಂಪನಿಗಳ ಊರು. ರಂಗನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು, 2010ರಲ್ಲಿ ತೀರಿಕೊಂಡರು. ಅವರ ಸಹಿ ಇರುವ ಹಳೆ ಪುಸ್ತಕ ನಿಮ್ಮ ಮನೆಯ ಅಟ್ಟದಲ್ಲಿದ್ದರೆ ಇವತ್ತೇ ಕೆಳಗಿಳಿಸಿ. ಜಾತ್ರೆಗಳಲ್ಲಿ ಇಂದಿಗೂ ಕಂಪನಿಗಳು ಟೆಂಟ್ ಹಾಕುತ್ತವೆ. ನಾಟಕ ಮುಗಿದ ಮೇಲೆ ಕಲಾವಿದರನ್ನು ಮಾತಾಡಿಸಿ. ತಮ್ಮ ಸಹಿಯನ್ನು ಯಾರಾದರೂ ಕೇಳಿದರು ಅನ್ನುವ ಸಂತೋಷ ಅವರ ಮುಖದಲ್ಲಿ ಕಾಣುತ್ತದೆ. ದುರ್ಗಾಂಬಿಕಾ ಜಾತ್ರೆಯ ಕುಸ್ತಿಗೆ ಬರುವ ಪೈಲ್ವಾನರದ್ದೂ ಹಾಗೆಯೇ.

ರಂಗಭೂಮಿ ಇಷ್ಟ ಇದ್ದರೆ ನವೆಂಬರ್ ಆರಂಭದಲ್ಲಿ ಸಾಣೇಹಳ್ಳಿಗೆ ಹೋಗಿ. ಹೊಸದುರ್ಗ ತಾಲ್ಲೂಕಿನ ಈ ಊರಿನಲ್ಲಿ ಪ್ರತಿ ವರ್ಷ ನಾಟಕೋತ್ಸವ ನಡೆಯುತ್ತದೆ. ನಾಟಕಕಾರರು, ನಿರ್ದೇಶಕರು, ನಟರು ಊಟದ ಸಾಲಿನಲ್ಲಿ ನಿಮ್ಮ ಹಿಂದೆಯೇ ನಿಂತಿರಬಹುದು. ಸಿರಿಗೆರೆ ಮಠದ ತರಳಬಾಳು ಹುಣ್ಣಿಮೆ ಒಂಬತ್ತು ದಿನ ನಡೆಯುತ್ತದೆ, ಊರು ವರ್ಷಕ್ಕೊಮ್ಮೆ ಬದಲಾಗುತ್ತದೆ. 2025ರಲ್ಲಿ ಭರಮಸಾಗರದಲ್ಲಿತ್ತು. ಅಲ್ಲಿಗೆ ಸಾಹಿತಿಗಳೂ ಬರುತ್ತಾರೆ, ಗಾಯಕರೂ ಬರುತ್ತಾರೆ. ಜನ ವಿಪರೀತ. ಆದರೆ ಹಗಲು ಹೊತ್ತಿನಲ್ಲಿ ಪುಸ್ತಕ ಮಳಿಗೆಗಳ ಹತ್ತಿರ ಗದ್ದಲ ಕಡಿಮೆ.

ಸಾಹಿತ್ಯ ಸಮ್ಮೇಳನ ಹತ್ತಿರದಲ್ಲಿ ನಡೆದರೆ ತಪ್ಪಿಸಬೇಡಿ. 1992ರಲ್ಲಿ ದಾವಣಗೆರೆಯಲ್ಲಿ ಜಿ.ಎಸ್. ಶಿವರುದ್ರಪ್ಪ, 2009ರಲ್ಲಿ ಚಿತ್ರದುರ್ಗದಲ್ಲಿ ಎಲ್. ಬಸವರಾಜು ಸಮ್ಮೇಳನದ ಅಧ್ಯಕ್ಷರಾಗಿದ್ದರು. ಅಧ್ಯಕ್ಷರ ಸುತ್ತ ಜನ ಇದ್ದೇ ಇರುತ್ತಾರೆ. ಗೋಷ್ಠಿಗಳಲ್ಲಿ ಮಾತಾಡಿ ಕೆಳಗಿಳಿಯುವ ಲೇಖಕರನ್ನು ಕೇಳಿ, ಪುಸ್ತಕ ಮಳಿಗೆಗೆ ಬಂದವರನ್ನು ಕೇಳಿ.

ಕ್ರಿಕೆಟ್ ಪ್ರೇಮಿಗಳಿಗೆ ಆರ್. ವಿನಯ್ ಕುಮಾರ್ ಹೆಸರು ಹೇಳಬೇಕಿಲ್ಲ. ದಾವಣಗೆರೆಯ ಹುಡುಗ, 2013-14 ಮತ್ತು 2014-15ರಲ್ಲಿ ಸತತ ಎರಡು ಸಲ ಕರ್ನಾಟಕಕ್ಕೆ ರಣಜಿ ಗೆದ್ದುಕೊಟ್ಟ ನಾಯಕ. ಆಟಗಾರರನ್ನು ಪಂದ್ಯದ ದಿನಕ್ಕಿಂತ ಅಭ್ಯಾಸದ ದಿನ ನೋಡುವುದು ಸುಲಭ.

ಪುಸ್ತಕ ಮತ್ತು ಪೆನ್ನು

ಗೆರೆ ಇಲ್ಲದ, ದಪ್ಪ ಹಾಳೆಯ, ಗಟ್ಟಿ ರಟ್ಟಿನ ಚಿಕ್ಕ ಪುಸ್ತಕ ತಗೊಳ್ಳಿ. ಸಹಿ ಹಾಕುವವರು ನಿಂತೇ ಇರುತ್ತಾರೆ. ಕೈಗೆ ಆಸರೆ ಬೇಕು. ಬರೆಯಬೇಕಾದ ಪುಟಕ್ಕೆ ಮೊದಲೇ ರಬ್ಬರ್ ಬ್ಯಾಂಡ್ ಹಾಕಿಡಿ, ಗಾಳಿಗೆ ಹಾಳೆ ಮಗುಚುವುದಿಲ್ಲ. ಅಲ್ಲಿ ನಿಂತು ಖಾಲಿ ಪುಟ ಹುಡುಕುವಷ್ಟರಲ್ಲಿ ಅವರು ಕಾರು ಹತ್ತಿರುತ್ತಾರೆ.

ಪೆನ್ನಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಶಾಯಿಯಲ್ಲಿ ಎರಡು ಜಾತಿ. ಒಂದರಲ್ಲಿ ಬಣ್ಣ ನೀರಿನಲ್ಲೋ ಎಣ್ಣೆಯಲ್ಲೋ ಪೂರ್ತಿ ಕರಗಿರುತ್ತದೆ. ಇನ್ನೊಂದರಲ್ಲಿ ಬಣ್ಣದ ಸಣ್ಣ ಕಣಗಳು ತೇಲುತ್ತಿರುತ್ತವೆ, ಅದಕ್ಕೆ ಪಿಗ್ಮೆಂಟ್ ಇಂಕ್ ಎನ್ನುತ್ತಾರೆ. ಕರಗಿದ ಬಣ್ಣ ಬೆಳಕಿಗೆ ಬೇಗ ಮಾಸುತ್ತದೆ. ಕಣಗಳ ಬಣ್ಣ ಹಾಳೆಯನ್ನು ಹಿಡಿದುಕೊಂಡು ಕೂರುತ್ತದೆ, ನೀರು ತಾಗಿದರೂ ಹರಡುವುದು ಕಡಿಮೆ. ಚಿತ್ರ ಬರೆಯುವ ಸಾಮಾನು ಮಾರುವ ಅಂಗಡಿಯಲ್ಲಿ ಪಿಗ್ಮೆಂಟ್ ಇಂಕ್ ಪೆನ್ ಅಂತಲೇ ಕೇಳಿ. ಪುಸ್ತಕಕ್ಕೆ ಅದೇ ಒಳ್ಳೆಯದು. ಸ್ಕೆಚ್ ಪೆನ್ ಬೇಡ, ನೀರಿನ ಒಂದು ಹನಿ ಬಿದ್ದರೂ ಕಥೆ ಮುಗಿಯಿತು. ಮಾರ್ಕರ್ ಹಾಳೆಯ ಆಚೆ ಬದಿಗೆ ಇಳಿಯುತ್ತದೆ. ಅದನ್ನು ನುಣುಪಾದ ಫೋಟೊಗೆ, ಬ್ಯಾಟಿಗೆ ಇಟ್ಟುಕೊಳ್ಳಿ. ಫೋಟೊ ಕಪ್ಪಾಗಿದ್ದರೆ ಬೆಳ್ಳಿ ಬಣ್ಣದ ಮಾರ್ಕರ್. ಫೋಟೊ ಮೇಲಿನ ಸಹಿ ಒಣಗಲು ಒಂದೆರಡು ನಿಮಿಷ ಬಿಡಿ, ಕೂಡಲೇ ಕವರಿಗೆ ತುರುಕಬೇಡಿ.

ಪೆನ್ನು ಎರಡಿರಲಿ. ಹಿಂದಿನ ರಾತ್ರಿ ಎರಡನ್ನೂ ಗೀಚಿ ನೋಡಿ.

ಯಾವುದರ ಮೇಲೆ ಸಹಿ ಬೇಡ? ಸಿನಿಮಾ ಟಿಕೆಟ್, ಬಸ್ ಟಿಕೆಟ್, ಬಿಲ್ಲು. ಇವುಗಳಲ್ಲಿ ಹೆಚ್ಚಿನವು ಈಗ ಥರ್ಮಲ್ ಕಾಗದ, ಅಂದರೆ ಬಿಸಿ ತಾಗಿ ಅಕ್ಷರ ಮೂಡುವ ಕಾಗದ. ಬಿಸಿಲಿಗೆ ಕಪ್ಪಾಗುತ್ತವೆ, ಅಚ್ಚಾದ ಅಕ್ಷರಗಳೂ ಅಳಿಸಿಹೋಗುತ್ತವೆ. ನೋಟಿನ ಮೇಲಂತೂ ಬೇಡ, ನೋಟಿನ ಮೇಲೆ ಬರೆಯಬೇಡಿ ಅಂತ ರಿಸರ್ವ್ ಬ್ಯಾಂಕ್ ಕೇಳಿಕೊಂಡಿದೆ. ಬಿಡಿ ಖಾಲಿ ಹಾಳೆ ಚಾಚಿದರೂ ಕೆಲವರು ಹಿಂಜರಿಯುತ್ತಾರೆ. ಮೇಲೆ ಏನು ಬೇಕಾದರೂ ಬರೆದುಕೊಳ್ಳಬಹುದು ಅನ್ನುವ ಭಯ, ಅದು ನ್ಯಾಯವೂ ಹೌದು. ಎಲ್ಲಕ್ಕಿಂತ ಒಳ್ಳೆಯದು ಅವರದೇ ಪುಸ್ತಕ. ಲೇಖಕರ ಮುಂದೆ ನೀವು ಓದಿ ಮಾಸಿದ ಪ್ರತಿ ಇಟ್ಟು ನೋಡಿ. ಹೊಸ ಪ್ರತಿಗಿಂತ ಅದನ್ನು ಅವರು ಹೆಚ್ಚು ಪ್ರೀತಿಯಿಂದ ಕೈಗೆತ್ತಿಕೊಳ್ಳುತ್ತಾರೆ.

ಹೊತ್ತು ನೋಡಿ ಹೋಗಿ

ದಾವಣಗೆರೆಯ ಹೈಸ್ಕೂಲ್ ಮೈದಾನ, ಎಂಬಿಎ ಕಾಲೇಜು ಮೈದಾನ, ಗಾಜಿನ ಮನೆ, ಚಿತ್ರದುರ್ಗದ ತರಾಸು ರಂಗಮಂದಿರ. ಎಲ್ಲೇ ಕಾರ್ಯಕ್ರಮ ಇರಲಿ, ಸಾಧ್ಯವಾದರೆ ಹಿಂದಿನ ದಿನ ಒಂದು ಸುತ್ತು ಹೋಗಿ ಬನ್ನಿ. ವೇದಿಕೆ ಯಾವ ಕಡೆ, ಅತಿಥಿಗಳ ಕಾರು ಎಲ್ಲಿ ನಿಲ್ಲುತ್ತದೆ, ಹೊರಗೆ ಹೋಗಲು ಎಷ್ಟು ದಾರಿ ಇವೆ, ಇಷ್ಟು ನೋಡಿಕೊಳ್ಳಿ. ಶಾಮಿಯಾನ ಕಟ್ಟುವವರನ್ನು, ಸ್ವಯಂಸೇವಕರನ್ನು ಮಾತಾಡಿಸಿ. ಅತಿಥಿಗಳು ಎಷ್ಟು ಹೊತ್ತಿಗೆ ಬರುತ್ತಾರೆ ಅನ್ನುವುದು ಆಹ್ವಾನ ಪತ್ರಿಕೆಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಸಾಹಿತಿಗಳನ್ನು ಕಾರ್ಯಕ್ರಮಕ್ಕೆ ಮುಂಚೆ ನೋಡಿ. ಬಹಳ ಜನ ಹೇಳಿದ ಹೊತ್ತಿಗೇ ಬಂದು ಸುಮ್ನೆ ಕೂತಿರುತ್ತಾರೆ. ನಾಟಕದವರನ್ನು ಮಾತ್ರ ಮುಂಚೆ ಕೇಳಲೇಬಾರದು. ಬಣ್ಣ ಹಚ್ಚಿಕೊಂಡು ಪಾತ್ರದೊಳಗೆ ಇಳಿಯುತ್ತಿರುವವರನ್ನು ಹೊರಗೆ ಎಳೆದಂತಾಗುತ್ತದೆ. ಆಟ ಮುಗಿದು, ಬಣ್ಣ ತೆಗೆದು, ಅವರು ಟೀ ಕುಡಿಯುವವರೆಗೂ ಕಾಯಿರಿ. ಸಿನಿಮಾ ಪ್ರಚಾರಕ್ಕೆ ಬಂದ ನಟರು ಒಂದೇ ದಿನ ಮೂರ್ನಾಲ್ಕು ಊರು ಸುತ್ತುತ್ತಿರುತ್ತಾರೆ. ಟಾಕೀಸಿನ ಬಾಗಿಲಲ್ಲಿ ಸಹಿ ಸಿಗುವುದು ಕಷ್ಟ. ಅವರ ಜೊತೆ ಬರುವ ಪೋಷಕ ನಟರು, ಸಂಗೀತ ನಿರ್ದೇಶಕರು, ಗೀತೆ ಬರೆದವರು ಪಕ್ಕದಲ್ಲೇ ಇರುತ್ತಾರೆ, ಅವರನ್ನು ಯಾರೂ ಮುತ್ತಿರುವುದಿಲ್ಲ.

ಕೇಳುವ ಮಾತು

ಎರಡು ವಾಕ್ಯ ಸಾಕು. ಮೊದಲನೆಯದು ಅವರ ಕೆಲಸದ ಬಗ್ಗೆ. ‘ನಾನು ನಿಮ್ಮ ದೊಡ್ಡ ಫ್ಯಾನ್ ಸರ್’ ಅನ್ನುವುದನ್ನು ಅವರು ದಿನವೂ ಕೇಳಿರುತ್ತಾರೆ. ‘ಎರಡನೇ ಅಂಕದಲ್ಲಿ ಅಮ್ಮನ ಜೊತೆ ಜಗಳ ಆಡ್ತೀರಲ್ಲ ಮೇಡಂ, ಆ ದೃಶ್ಯ ಮರೆಯಕ್ಕಾಗಲ್ಲ’ ಅಂದರೆ ತಲೆ ಎತ್ತಿ ನೋಡುತ್ತಾರೆ. ಎರಡನೆಯದು ‘ಒಂದು ಸಹಿ ಹಾಕಿಕೊಡ್ತೀರಾ?’ ಅಷ್ಟೇ. ವಯಸ್ಸಾದ ಕಂಪನಿ ಕಲಾವಿದರನ್ನು ‘ಯಜಮಾನ್ರೇ’, ‘ಅಮ್ಮಾ’ ಅನ್ನಿ. ಸ್ವಾಮೀಜಿಗಳಾದರೆ ‘ಬುದ್ಧಿ’. ಮಠದಲ್ಲಿ ಸಹಿಗಿಂತ ಆಶೀರ್ವಾದದ ಒಂದು ಸಾಲು ಬರೆದುಕೊಡಿ ಅಂತ ಕೇಳುವುದು ಚೆಂದ.

ನಿಮ್ಮ ಹೆಸರನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದು ಪುಟಕ್ಕೆ ಅಂಟಿಸಿಟ್ಟುಕೊಳ್ಳಿ. ಗದ್ದಲದಲ್ಲಿ ಹೆಸರು ಸರಿಯಾಗಿ ಕೇಳಿಸುವುದಿಲ್ಲ, ತಪ್ಪು ಬರೆದರೆ ಮತ್ತೆ ತಿದ್ದಿ ಅನ್ನುವುದು ಹೇಗೆ? ಕನ್ನಡದಲ್ಲಿ ಬೇಕಿದ್ದರೆ ಪೆನ್ನು ಕೊಡುವಾಗಲೇ ‘ಕನ್ನಡದಲ್ಲೇ ಹಾಕಿ ಸರ್’ ಅನ್ನಿ. ಬ್ಯಾಂಕಿನ ಚೆಕ್ಕಿಗೆ ಇಂಗ್ಲಿಷ್ ಸಹಿ ಹಾಕುವವರೂ ಕೇಳಿದರೆ ಖುಷಿಯಿಂದ ಕನ್ನಡದಲ್ಲಿ ಹಾಕುತ್ತಾರೆ. ನನಗಂತೂ ಅಂಥ ಪುಟಗಳ ಮೇಲೆ ಪ್ರೀತಿ ಜಾಸ್ತಿ.

ಸಹಿಯೋ ಸೆಲ್ಫಿಯೋ, ಒಂದನ್ನು ಮಾತ್ರ ಕೇಳಿ. ಹಿಂದೆ ಬೇರೆಯವರು ಕಾಯುತ್ತಿರುತ್ತಾರೆ. ಊಟ ಮಾಡುವಾಗ, ಮನೆಯವರ ಜೊತೆ ಇರುವಾಗ, ಸಾವಿನ ಮನೆಯಲ್ಲಿ, ದೇವರ ಮುಂದೆ ಕೈ ಮುಗಿದಿರುವಾಗ ಹತ್ತಿರ ಹೋಗಬೇಡಿ. ಬೇಡ ಅಂದರೆ ‘ಪರವಾಗಿಲ್ಲ ಸರ್’ ಅಂತ ನಕ್ಕು ಬನ್ನಿ.

ಜನರ ಮಧ್ಯೆ ಇಳಿಯಲೇಬೇಕಾದರೆ

ಇದನ್ನು ಮನೆಯಲ್ಲಿರುವ ಹುಡುಗ ಹುಡುಗಿಯರಿಗೆ ದಯವಿಟ್ಟು ಓದಿ ಹೇಳಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ತಮ್ಮ ತಂಡ ಗೆದ್ದ ಸಂಭ್ರಮ ನೋಡಲು ಹೋಗಿದ್ದವರು ಅವರು.

ಕಾಲ್ತುಳಿತ ಅಂತ ನಾವು ಹೇಳುತ್ತೇವೆ. ಆದರೆ ಇಂಥ ದುರಂತಗಳಲ್ಲಿ ಹೆಚ್ಚಿನವರು ಸಾಯುವುದು ಉಸಿರು ಕಟ್ಟಿ, ಎಷ್ಟೋ ಸಲ ನಿಂತಲ್ಲೇ. ನಾಲ್ಕೂ ಕಡೆಯಿಂದ ಒತ್ತಡ ಬಿದ್ದಾಗ ಎದೆ ಹಿಗ್ಗಲು ಜಾಗ ಇರುವುದಿಲ್ಲ. ಒಂದು ಚದರ ಮೀಟರ್ ಜಾಗದಲ್ಲಿ ಐದಾರು ಜನ ಸೇರಿದರೆ ಅಪಾಯ ಶುರುವಾಯಿತು ಅಂತ ತಿಳಿಯಿರಿ. ಅಳತೆ ಮಾಡಬೇಕಿಲ್ಲ. ಕೈ ಎತ್ತಿ ಮುಖ ಒರೆಸಿಕೊಳ್ಳಲು ಆಗುತ್ತಿಲ್ಲ, ನೀವು ನಡೆಯದಿದ್ದರೂ ಜನ ನಿಮ್ಮನ್ನು ತಳ್ಳಿಕೊಂಡು ಹೋಗುತ್ತಿದ್ದಾರೆ ಅಂದರೆ ಆಗಲೇ ಹೊರಡಬೇಕು. ಸಹಿ ಎರಡೇ ಮಾರು ದೂರ ಇದ್ದರೂ ಸರಿ.

ಹೊರಡುವುದು ಹೇಗೆ? ಎರಡೂ ಕೈ ಮಡಚಿ ಎದೆಯ ಮುಂದೆ ಹಿಡಿಯಿರಿ, ಉಸಿರಾಡಲು ಅಷ್ಟು ಜಾಗ ಉಳಿಯುತ್ತದೆ. ಜನರ ವಿರುದ್ಧ ತಳ್ಳಬೇಡಿ, ಶಕ್ತಿ ಸುಮ್ಮನೆ ಖರ್ಚಾಗುತ್ತದೆ. ನೂಕು ಬಂದಾಗ ಅದರ ಜೊತೆ ಹೋಗಿ, ಅದು ನಿಂತ ಕ್ಷಣ ಓರೆಯಾಗಿ ಅಂಚಿನ ಕಡೆ ಎರಡು ಹೆಜ್ಜೆ ಹಾಕಿ. ಮತ್ತೆ ನೂಕು, ಮತ್ತೆ ಎರಡು ಹೆಜ್ಜೆ. ಗೋಡೆ, ಗೇಟು, ಬ್ಯಾರಿಕೇಡಿನ ಪಕ್ಕ ಸಿಕ್ಕಿಕೊಳ್ಳಬೇಡಿ. ಫೋನೋ ಪುಸ್ತಕವೋ ಕೆಳಗೆ ಬಿದ್ದರೆ ಬಗ್ಗಬೇಡಿ. ಅದು ಹೋಗಲಿ. ಪಕ್ಕದವರು ಬಿದ್ದರೆ ಕೂಗಿ ಹೇಳಿ, ಸುತ್ತಲಿನವರು ಸೇರಿ ಕೂಡಲೇ ಎತ್ತಿ. ಸಹಾಯಕ್ಕೆ 112ಕ್ಕೆ ಫೋನ್ ಮಾಡಿ.

ಚಪ್ಪಲಿ ಬೇಡ, ಲೇಸ್ ಕಟ್ಟುವ ಶೂ ಹಾಕಿ. ದುಪಟ್ಟಾ, ಉದ್ದ ಹಿಡಿಯ ಚೀಲ ಯಾವುದಕ್ಕಾದರೂ ಸಿಕ್ಕಿಕೊಳ್ಳುತ್ತವೆ. ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅನ್ನುವುದನ್ನು ಹೋಗುವ ಮುಂಚೆ ಮಾತಾಡಿಕೊಳ್ಳಿ, ಜನ ಸೇರಿದ ಕಡೆ ನೆಟ್‌ವರ್ಕ್ ಕೈ ಕೊಡುತ್ತದೆ. ತೀರಾ ಚಿಕ್ಕ ಮಕ್ಕಳನ್ನು ಇಂಥ ಕಡೆ ಕರೆದುಕೊಂಡು ಹೋಗಲೇಬೇಡಿ.

ಬೆಂಗಳೂರಿಗೆ ಹೋಗುವವರಿಗೆ

ಕಾಮಿಕ್ಸ್, ಅನಿಮೆ ಹುಚ್ಚಿರುವ ಮಕ್ಕಳು ಈಗ ನಮ್ಮ ಊರುಗಳಲ್ಲೂ ಬಹಳ ಇದ್ದಾರೆ. ಇಂಥವರಿಗಾಗಿಯೇ ಇರುವ ಕಾಮಿಕ್ ಕಾನ್ ಮೇಳ 2012ರಿಂದ ಬೆಂಗಳೂರಿನಲ್ಲೂ ನಡೆಯುತ್ತಿದೆ. ವಂದೇ ಭಾರತ್, ಜನಶತಾಬ್ದಿ ರೈಲುಗಳು ದಾವಣಗೆರೆಯಲ್ಲಿ ನಿಲ್ಲುತ್ತವೆ. ಮೇಳದ ಟಿಕೆಟನ್ನು ಮೊದಲೇ ಆನ್‌ಲೈನ್‌ನಲ್ಲಿ ತಗೊಳ್ಳಿ. ದೊಡ್ಡ ವೇದಿಕೆಗಿಂತ ಚಿತ್ರಕಾರರು ತಮ್ಮ ಪುಸ್ತಕ ಇಟ್ಟುಕೊಂಡು ಕೂರುವ ಮೇಜುಗಳ ಸಾಲಿಗೆ ಮೊದಲು ಹೋಗಿ. ಪುಸ್ತಕ ಕೊಂಡರೆ ಸಹಿಯ ಜೊತೆ ಒಂದು ಪುಟ್ಟ ಚಿತ್ರವನ್ನೂ ಬರೆದುಕೊಡುವವರಿದ್ದಾರೆ. ವಿದೇಶದ ಇಂಥ ಮೇಳಗಳಲ್ಲಿ ನಟರ ಸಹಿಗೆ ದುಡ್ಡು ಕೊಡಬೇಕಾಗುತ್ತದೆ. ಇಲ್ಲೂ ಸಾಲಿನಲ್ಲಿ ನಿಲ್ಲುವ ಮೊದಲು ಕೇಳಿಕೊಳ್ಳಿ.

ಎಲ್ಲೂ ಹೋಗಲಾಗದವರಿಗೆ ಅಂಚೆ ಇದೆ. ಲೇಖಕರಿಗೆ ಪ್ರಕಾಶಕರ ವಿಳಾಸಕ್ಕೆ ಕಾಗದ ಬರೆಯಿರಿ. ಒಂದು ದಪ್ಪ ಕಾರ್ಡು, ನಿಮ್ಮ ವಿಳಾಸ ಬರೆದು ಸ್ಟಾಂಪ್ ಅಂಟಿಸಿದ ಕವರು ಒಳಗಿಡಿ. ಕಾಗದ ನಿಮ್ಮ ಕೈಬರಹದಲ್ಲೇ ಇರಲಿ. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು.

ಮನೆಗೆ ತಂದ ಮೇಲೆ

ಅದೇ ದಿನ ಪುಟದ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ದಿನಾಂಕ, ಜಾಗ, ಯಾರ ಸಹಿ ಅನ್ನುವುದನ್ನು ಬರೆಯಿರಿ. ಸಹಿ ಅಂದರೆ ಎರಡು ಗೆರೆ, ಒಂದು ಸುತ್ತು. ಹತ್ತು ವರ್ಷ ಆದ ಮೇಲೆ ನಿಮಗೇ ಓದಲಾಗುವುದಿಲ್ಲ.

ಕೊಂಡ ಅಥವಾ ಯಾರೋ ಕೊಟ್ಟ ಸಹಿಯ ಮೇಲೆ ಅನುಮಾನ ಇದ್ದರೆ ಭೂತಗನ್ನಡಿ ಹಿಡಿಯಿರಿ. ಅಚ್ಚು ಹಾಕಿದ ಸಹಿ ಸಣ್ಣ ಸಣ್ಣ ಚುಕ್ಕಿಗಳಾಗಿ ಕಾಣುತ್ತದೆ. ಪೆನ್ನಿನ ಗೆರೆ ಎಲ್ಲೋ ದಪ್ಪ, ಎಲ್ಲೋ ತೆಳ್ಳಗೆ. ಒಬ್ಬರೇ ಹಾಕಿದ ಎರಡು ಸಹಿ ಒಂದರ ಮೇಲೊಂದು ಇಟ್ಟಾಗ ಕೂದಲೆಳೆ ವ್ಯತ್ಯಾಸವಿಲ್ಲದೆ ಕೂತರೆ ಅದು ಯಂತ್ರದ್ದೋ ಅಚ್ಚಿನದೋ ಇರಬೇಕು.

ಬಿಸಿಲು ಬೀಳುವ ಗೋಡೆಗೆ ಸಹಿ ಇರುವ ಫೋಟೊ ತೂಗುಹಾಕಬೇಡಿ. ಸ್ಕ್ಯಾನ್ ಮಾಡಿಸಿ ಪ್ರತಿಯನ್ನು ಗೋಡೆಗೆ ಹಾಕಿ, ಮೂಲವನ್ನು ಕಬ್ಬಿಣದ ಬೀರುವಿನಲ್ಲಿಡಿ, ಗೆದ್ದಲಿನ ಭಯ ಕಡಿಮೆ. ಜಿಗುಟು ಹಾಳೆಯ ಹಳೆ ಮಾದರಿ ಆಲ್ಬಂ, ವಾಸನೆ ಬರುವ ಮೆತ್ತನೆಯ ಪಿವಿಸಿ ಕವರು ಎರಡೂ ಬೇಡ, ಶಾಯಿ ಅವಕ್ಕೇ ಅಂಟಿಕೊಂಡು ಬರುತ್ತದೆ. ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕಿನ ಕವರು ಕೇಳಿ ತಗೊಳ್ಳಿ. ಸಹಿ ಹರಿದಿದ್ದರೆ ಸೆಲ್ಲೋ ಟೇಪ್ ಹಚ್ಚಬೇಡಿ, ಅದರ ಅಂಟು ಹಳದಿ ಕಲೆಯಾಗಿ ಕಾಗದಕ್ಕೆ ಇಳಿಯುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಆಮೇಲೆ ಬಿಡಿಸಲು ಹೋದರೆ ಹಾಳೆಯೂ ಕಿತ್ತು ಬರುತ್ತದೆ.