ದುಶಾಂಬೆಗೆ ಓದಲು ಬರುವ ನಮ್ಮ ಮಕ್ಕಳಿಗೆ

ಪ್ರತಿ ವರ್ಷ ಮೆಡಿಕಲ್ ಓದಲು ನಮ್ಮ ಕಡೆಯ ಒಂದಷ್ಟು ಹುಡುಗ ಹುಡುಗಿಯರು ತಜಿಕಿಸ್ತಾನದ ರಾಜಧಾನಿ ದುಶಾಂಬೆಗೆ ಬರುತ್ತಾರೆ. ಬಂದ ವಾರದಲ್ಲೇ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ. ದುಡ್ಡು ಎಲ್ಲಿ ಬದಲಾಯಿಸಬೇಕು ಅಣ್ಣ? ಇಷ್ಟೊಂದು ನದಿ ಇದ್ದೂ ಹಳ್ಳಿಗಳಲ್ಲಿ ಚಳಿಗಾಲಕ್ಕೆ ಕರೆಂಟು ಯಾಕಿಲ್ಲ? ಮನೆಗಳಲ್ಲಿ ದುಡಿಯುವ ವಯಸ್ಸಿನ ಗಂಡಸರೇ ಕಾಣೋದಿಲ್ವಲ್ಲ? ಬಿಡಿಬಿಡಿಯಾಗಿ ಉತ್ತರ ಹೇಳಿದರೆ ಅರ್ಥವಾಗುವುದಿಲ್ಲ. 1992ರಿಂದ 1997ರವರೆಗೆ ಇಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಂದ ಶುರು ಮಾಡಿದರೆ ಎಲ್ಲವೂ ತಿಳಿಯುತ್ತದೆ.

ನಾನು ರಾಯಚೂರು ಕಡೆಯವನು. ಇಲ್ಲಿಗೆ ಬಂದ ಮೊದಲ ವರ್ಷ ಒಬ್ಬ ವಯಸ್ಸಾದ ಹೆಂಗಸಿನ ಮನೆಯಲ್ಲಿ ಬಾಡಿಗೆಗಿದ್ದೆ. ಅವರನ್ನು ಎಲ್ಲರೂ ಖೋಲಾ ಅನ್ನುತ್ತಿದ್ದರು, ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ. ಒಂದು ದಿನ ಅರ್ಧ ತಿಂದ ರೊಟ್ಟಿಯನ್ನು ಕವುಚಿ ಹಾಕಿ ಎದ್ದುಬಿಟ್ಟೆ. ಅವರು ಮಾತಾಡಲಿಲ್ಲ. ರೊಟ್ಟಿಯನ್ನು ಮೇಲ್ಮುಖ ಮಾಡಿಟ್ಟರು. ಬಟ್ಟೆಯ ಮೇಲೆ ಬಿದ್ದಿದ್ದ ಚೂರುಗಳನ್ನು ಬೆರಳ ತುದಿಯಲ್ಲಿ ಒತ್ತಿ ಒತ್ತಿ ಆರಿಸಿ ಬಾಯಿಗೆ ಹಾಕಿಕೊಂಡರು. ಯುದ್ಧದ ವರ್ಷಗಳಲ್ಲಿ ಈ ಊರಿನಲ್ಲಿ ಒಂದು ರೊಟ್ಟಿಗಾಗಿ ಬೆಳಗಿನ ಜಾವದಿಂದ ಸಾಲು ನಿಲ್ಲುತ್ತಿದ್ದರಂತೆ. ಅದನ್ನು ಅವರು ನನಗೆ ಹೇಳಿದ್ದು ಎಷ್ಟೋ ತಿಂಗಳಾದ ಮೇಲೆ. ಹಾಗಾಗಿ ನನ್ನ ಮೊದಲ ಮಾತು ಇದು. ಇಲ್ಲಿನ ರೊಟ್ಟಿಗೆ 'ನೊನ್' ಅನ್ನುತ್ತಾರೆ. ಅದನ್ನು ಕವುಚಿ ಹಾಕಬೇಡಿ, ಕಸದ ಬುಟ್ಟಿಗೆ ಎಸೆಯಬೇಡಿ, ಅದರ ರೇಟಿಗೆ ಚೌಕಾಸಿಯನ್ನೂ ಮಾಡಬೇಡಿ.

ಸೋವಿಯತ್ ಕಾಲದಲ್ಲೂ ಇದು ಒಕ್ಕೂಟದ ಅತಿ ಬಡ ಗಣರಾಜ್ಯವೇ. ಮಾಸ್ಕೋದಿಂದ ಬರುವ ಹಣದಲ್ಲಿ ಸಂಸಾರ ನಡೆಯುತ್ತಿತ್ತು. 1991ರಲ್ಲಿ ಒಕ್ಕೂಟ ಒಡೆದು ಆ ಹಣ ನಿಂತಿತು, ಮರುವರ್ಷವೇ ಸರ್ಕಾರಕ್ಕೂ ಅದರ ವಿರೋಧಿಗಳಿಗೂ ಯುದ್ಧ ಹತ್ತಿಕೊಂಡಿತು. ಹತ್ತಾರು ಸಾವಿರ ಜನ ಸತ್ತರು. ದೇಶದ ಉತ್ಪಾದನೆ ಅರ್ಧಕ್ಕಿಂತ ಕೆಳಗಿಳಿಯಿತು. 1997ರ ಜೂನ್ 27ರಂದು ಮಾಸ್ಕೋದಲ್ಲಿ ಶಾಂತಿ ಒಪ್ಪಂದವಾಯಿತು. ಸರ್ಕಾರದ ಹುದ್ದೆಗಳಲ್ಲಿ ಶೇ 30ನ್ನು ವಿರೋಧಿಗಳಿಗೆ ಬಿಟ್ಟುಕೊಡುವ ಮಾತಾಯಿತು. ಆ ದಿನ ಈಗಲೂ ಇಲ್ಲಿ ರಜೆ. ಯಾರ ಮನೆಯಲ್ಲಿ ಯಾರು ಯಾವ ಕಡೆ ಇದ್ದರು ಅಂತ ನೀವಾಗಿ ಕೇಳಲೇಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಈಗ ದುಡ್ಡಿನ ವಿಷಯ. ಅಕ್ಕಪಕ್ಕದ ದೇಶಗಳೆಲ್ಲ ಸ್ವಂತ ನೋಟು ಮಾಡಿಕೊಂಡ ಮೇಲೂ ಇವರು ಬಹಳ ದಿನ ರೂಬಲ್ಲನ್ನೇ ನಂಬಿಕೊಂಡಿದ್ದರು. 1995ರಲ್ಲಿ ತಜಿಕ್ ರೂಬಲ್ ತಂದರು, ಅದು ಹಣದುಬ್ಬರದಲ್ಲಿ ಕರಗಿಹೋಯಿತು. 2000ದ ಅಕ್ಟೋಬರಿನಲ್ಲಿ ಬಂದದ್ದು ಈಗಿನ ಸೊಮೊನಿ. ಸಾವಿರ ರೂಬಲ್ ಕೊಟ್ಟರೆ ಒಂದು ಸೊಮೊನಿ. ಒಂದು ಸೊಮೊನಿಗೆ ನೂರು ದಿರಮ್. ಇಪ್ಪತ್ತರ ನೋಟಿನ ಮೇಲಿರುವವರು ಇಬ್ನ್ ಸಿನಾ, ಸಾವಿರ ವರ್ಷದ ಹಿಂದಿನ ದೊಡ್ಡ ವೈದ್ಯರು. ಇಲ್ಲಿನ ಮೆಡಿಕಲ್ ವಿಶ್ವವಿದ್ಯಾಲಯಕ್ಕೂ ಅವರದೇ ಹೆಸರು.

2014ರಲ್ಲಿ ಡಾಲರಿಗೆ 5 ಸೊಮೊನಿ ಆಸುಪಾಸಿತ್ತು. 2021ರ ಹೊತ್ತಿಗೆ 11 ದಾಟಿತ್ತು. ರಷ್ಯಾದ ರೂಬಲ್ ಬಿದ್ದಾಗ ಇದೂ ಜೊತೆಗೇ ಬಿತ್ತು. 2015ರಲ್ಲಿ ಇಲ್ಲಿನ ರಾಷ್ಟ್ರೀಯ ಬ್ಯಾಂಕು (ನಮ್ಮ ರಿಸರ್ವ್ ಬ್ಯಾಂಕಿನ ಹಾಗೆ) ಖಾಸಗಿ ಹಣ ಬದಲಾವಣೆ ಅಂಗಡಿಗಳನ್ನೆಲ್ಲ ಮುಚ್ಚಿಸಿತು. ಆದ್ದರಿಂದ ಬ್ಯಾಂಕಿನ ಕೌಂಟರಿನಲ್ಲೇ ಬದಲಾಯಿಸಿ, ಚೀಟಿ ಇಟ್ಟುಕೊಳ್ಳಿ. ಬಜಾರಿನಲ್ಲಿ ಯಾರೋ ಎರಡು ದಿರಮ್ ಜಾಸ್ತಿ ಕೊಡುತ್ತೇನೆ ಅಂದರೆ ಸುಮ್ನೆ ಮುಂದೆ ನಡೀರಿ. ಡಾಲರ್ ತರುವಾಗ ಮಡಿಕೆ, ಗೀಚು ಇಲ್ಲದ ಹೊಸ ನೋಟನ್ನೇ ತನ್ನಿ. ವರ್ಷದ ಖರ್ಚನ್ನೆಲ್ಲ ಒಮ್ಮೆಗೇ ಸೊಮೊನಿ ಮಾಡಿಸಬೇಡಿ, ತಿಂಗಳಿಗೆ ಬೇಕಾದಷ್ಟು ಸಾಕು. 2016ರಲ್ಲಿ ಇಲ್ಲಿನ ಎರಡು ದೊಡ್ಡ ಬ್ಯಾಂಕುಗಳನ್ನು ಸರ್ಕಾರ ಹಣ ಸುರಿದು ಹಿಡಿದು ನಿಲ್ಲಿಸಿತು, ಆದರೂ 2021ರಲ್ಲಿ ಅವುಗಳ ಲೈಸೆನ್ಸು ಹೋಯಿತು. ಜನ ತಮ್ಮ ದುಡ್ಡಿಗಾಗಿ ವರ್ಷಗಟ್ಟಲೆ ಅಲೆದರು. ಇಲ್ಲಿಯವರು ಬ್ಯಾಂಕನ್ನು ಪೂರ್ತಿ ನಂಬದೆ ನಗದನ್ನು ಮನೆಯಲ್ಲೇ ಇಟ್ಟುಕೊಳ್ಳುವುದಕ್ಕೆ ಕಾರಣ ಇದೇ.

ಗಂಡಸರ ವಿಷಯಕ್ಕೆ ಬರೋಣ. ಯುದ್ಧ ಮುಗಿದಾಗ ಕಾರ್ಖಾನೆಗಳು ನಿಂತಿದ್ದವು, ಜನ ಕೆಲಸ ಹುಡುಕಿಕೊಂಡು ರಷ್ಯಾಕ್ಕೆ ಹೋದರು. ಕಟ್ಟಡ ಕೆಲಸ, ಬೀದಿ ಗುಡಿಸುವುದು, ಡ್ರೈವರ್, ಸಿಕ್ಕಿದ್ದೆಲ್ಲ. 2013ರ ಸುಮಾರಿಗೆ ಅವರು ಕಳಿಸುವ ಹಣ ಈ ದೇಶದ ಜಿಡಿಪಿಯ ಶೇ 40ಕ್ಕಿಂತ ಜಾಸ್ತಿಯಿತ್ತು. ಇಡೀ ಜಗತ್ತಿನಲ್ಲೇ ಇದು ಅತಿ ಹೆಚ್ಚಿನ ಪಾಲುಗಳಲ್ಲಿ ಒಂದು. ನಮ್ಮ ಭಾಗದಿಂದ ಬೆಂಗಳೂರಿಗೆ ಗುಳೆ ಹೋಗುವುದನ್ನು ನೋಡಿ ಬೆಳೆದವನು ನಾನು. ಇಲ್ಲಿ ಇಡೀ ದೇಶವೇ ಗುಳೆ ಹೋದ ಹಾಗಿದೆ. ನನ್ನ ಖೋಲಾಳ ಮಗನೂ ಮಾಸ್ಕೋದಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ತಿಂಗಳ ಮೊದಲ ವಾರ ಆಕೆ ಫೋನನ್ನು ಸೆರಗಿನಲ್ಲೇ ಇಟ್ಟುಕೊಂಡಿರುತ್ತಿದ್ದರು. ಮೆಸೇಜು ಬಂದ ಕೂಡಲೇ ಪಾಸ್‌ಪೋರ್ಟ್ ಹಿಡಿದು ಬ್ಯಾಂಕಿಗೆ. ಆ ಕೌಂಟರಿನ ಮುಂದೆ ಬರೀ ಹೆಂಗಸರು. 2024ರ ಮಾರ್ಚಿನಲ್ಲಿ ಮಾಸ್ಕೋ ಬಳಿ ಭಯೋತ್ಪಾದಕರ ದಾಳಿಯಾಗಿ ತಜಿಕರು ಆರೋಪಿಗಳಾದ ಮೇಲೆ ರಷ್ಯಾ ವಲಸಿಗರ ಮೇಲೆ ಬಿಗಿ ಮಾಡಿದೆ, ಮನೆಮನೆಯಲ್ಲೂ ಆತಂಕವಿದೆ. ಮನೆಯೊಡತಿ ಬಾಡಿಗೆ ನಾಲ್ಕು ದಿನ ಮುಂಚೆ ಕೇಳಿದರೆ ಸಿಡುಕಬೇಡಿ. ಕೈಲಿದ್ದರೆ ಕೊಟ್ಟುಬಿಡಿ.

ಹತ್ತಿ ಬೆಳೆಯುವ ನಾಡಿನವನಾದ್ದರಿಂದ ಹತ್ತಿಯ ಮಾತು ಬಿಡಲಾರೆ. ಯುದ್ಧದ ನಂತರ ಹಳೆಯ ಸಾಮೂಹಿಕ ಫಾರಮ್ಮುಗಳನ್ನು ಒಡೆದು 'ದೆಹ್ಕೊನ್' ಜಮೀನುಗಳಾಗಿ ಹಂಚಿದರು. ದೆಹ್ಕೊನ್ ಅಂದರೆ ರೈತ. ಆದರೆ ಭೂಮಿ ಸರ್ಕಾರದ್ದೇ, ರೈತನಿಗೆ ಉಳುವ ಹಕ್ಕಿನ ಪತ್ರ ಮಾತ್ರ. ನಮ್ಮಲ್ಲಿ 1974ರಲ್ಲಿ ಉಳುವವನೇ ಹೊಲದೊಡೆಯನಾದ, ಇಲ್ಲಿ ಹಾಗಾಗಲಿಲ್ಲ. ಎಷ್ಟೋ ಕಡೆ ಅಧಿಕಾರಿಗಳು ಹತ್ತಿಯನ್ನೇ ಹಾಕಿ ಅಂತ ಒತ್ತಾಯಿಸಿದರು. ಬೀಜ, ಗೊಬ್ಬರ, ಡೀಸೆಲ್ ಸಾಲವಾಗಿ ಕೊಟ್ಟವರೇ ಬೆಳೆಯನ್ನೂ ಎತ್ತಿಕೊಂಡು ಹೋದರು. ಸಾಲ ಮಾತ್ರ ಬೆಳೆಯುತ್ತಲೇ ಹೋಯಿತು, ಕೊನೆಗೆ ಸರ್ಕಾರ ಮನ್ನಾ ಮಾಡಬೇಕಾಯಿತು. ಈ ಕಥೆ ರಾಯಚೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಏನು ಬೆಳೆಯಬೇಕೆಂದು ರೈತನೇ ಆರಿಸುವ ಹಕ್ಕು ನಿಧಾನವಾಗಿ ಸಿಗುತ್ತಾ ಬಂತು. ನನ್ನ ಕಣ್ಣಿಗೆ ಇಲ್ಲಿ ನಡೆದ ಸುಧಾರಣೆಗಳಲ್ಲಿ ಅದೇ ದೊಡ್ಡದು. ಬಜಾರಿನಲ್ಲಿ ರಾಶಿ ಬೀಳುವ ಈರುಳ್ಳಿ, ಕಲ್ಲಂಗಡಿ, ಜರ್ದಾಳು ನೋಡಿದಾಗ ನನಗೆ ಅದು ನೆನಪಾಗುತ್ತದೆ.

ಕರೆಂಟು ಬರುವುದು ವಖ್ಶ್ ನದಿಯಿಂದ. ಸೋವಿಯತ್ ಕಾಲದ ನುರೆಕ್ ಅಣೆಕಟ್ಟು 300 ಮೀಟರ್ ಎತ್ತರ. ಬೇಸಿಗೆಯಲ್ಲಿ ಹಿಮ ಕರಗಿ ನೀರು ತುಂಬಿರುತ್ತದೆ, ಚಳಿಗಾಲದಲ್ಲಿ ನದಿ ಸೊರಗುತ್ತದೆ. ಚಳಿಗೆ ಎಲ್ಲರೂ ಹೀಟರ್ ಹಾಕುವುದೂ ಆಗಲೇ. ಅದೇ ನದಿಗೆ 335 ಮೀಟರ್ ಎತ್ತರಕ್ಕೆ ಕಟ್ಟಬೇಕೆಂದಿರುವ ರೊಗುನ್ ಅಣೆಕಟ್ಟಿನ ಕೆಲಸ 1976ರಲ್ಲಿ ಶುರುವಾಗಿತ್ತು. ಯುದ್ಧದ ನಡುವೆ, 1993ರ ಪ್ರವಾಹ ಕಟ್ಟಿದ್ದನ್ನೂ ಕೊಚ್ಚಿಕೊಂಡು ಹೋಯಿತು. 2010ರಲ್ಲಿ ಅದನ್ನು ಮುಗಿಸಲು ಜನರಿಗೇ ಷೇರು ಮಾರಿದರು, ಸಂಬಳದಲ್ಲಿ ಕೊಳ್ಳಲೇಬೇಕು ಅನ್ನುವ ಒತ್ತಡವೂ ಇತ್ತು. ಮೊದಲ ಘಟಕ ತಿರುಗಿದ್ದು 2018ರ ನವೆಂಬರಿನಲ್ಲಿ. ರಾಜಧಾನಿಯಲ್ಲಿ ನಿಮಗೆ ತೊಂದರೆ ಕಡಿಮೆ. ಹಳ್ಳಿಯ ಗೆಳೆಯರ ಮನೆಗೆ ಚಳಿಯಲ್ಲಿ ಹೋಗುವುದಾದರೆ ಫೋನ್ ಪೂರ್ತಿ ಚಾರ್ಜ್ ಮಾಡಿಕೊಂಡು ಹೋಗಿ, ಟಾರ್ಚ್ ಇರಲಿ.

ಭಾಷೆಗೆ ಹೆದರಬೇಡಿ. ತಜಿಕ್ ಅಂದರೆ ಪರ್ಷಿಯನ್ ಭಾಷೆಯೇ, ಬರೆಯುವುದು ಮಾತ್ರ ರಷ್ಯನ್ ಲಿಪಿಯಲ್ಲಿ. ನಮಕ್, ಬಜಾರ್, ಜಮೀನು, ಹಫ್ತಾ ಎಲ್ಲ ಇಲ್ಲೂ ಉಂಟು. ಕಲಬುರಗಿ, ಬೀದರಿನ ಮಕ್ಕಳು ತಿಂಗಳಲ್ಲೇ ಹಿಡಿಯುತ್ತಾರೆ. ಒಂದು ಮಾತು ನೆನಪಿರಲಿ: ಇಲ್ಲಿ 'ಸಬ್ಜಿ' ಅಂದರೆ ತರಕಾರಿ ಅಲ್ಲ, ಗಜ್ಜರಿ. ಹೆಸರುಕಾಳಿಗೆ 'ಮೋಶ್', ಕಡಲೆಗೆ 'ನಖೂದ್' ಅನ್ನಿ, ದುಶಾಂಬೆಯ ಮೆಹರ್ಗೊನ್ ಬಜಾರಿನಲ್ಲಿ ಎರಡೂ ಸಿಗುತ್ತವೆ. ತೊಗರಿಬೇಳೆ ಮತ್ತು ಹುಳಿಪುಡಿ ಮಾತ್ರ ಊರಿನಿಂದಲೇ ಕಟ್ಟಿಕೊಂಡು ಬನ್ನಿ. ತಿಂಗಳಿಗೊಂದು ಸಲ ಹುಳಿ ಮಾಡಿದಾಗ ಒಂದು ಬಟ್ಟಲು ಮನೆಯೊಡತಿಗೂ ಕೊಡಿ. ಖಾಲಿ ಬಟ್ಟಲು ವಾಪಸು ಬರುವುದಿಲ್ಲ, ಬಿಸಿ ನೊನ್ ಇಟ್ಟೇ ಕಳಿಸುತ್ತಾರೆ.