ತಪ್ಪುಗಳ ನೋಟ್‌ಬುಕ್ಕು

ಭಾಷಾವಿಜ್ಞಾನದಲ್ಲಿ ಎಂ.ಎ. ಮುಗಿಸಿ, ಮೈಸೂರಿನಲ್ಲಿ ಬೇರೆ ರಾಜ್ಯದ ಶಿಕ್ಷಕರಿಗೆ ಕನ್ನಡ ಕಲಿಸಲು ಸೇರಿದೆ. ಮೊದಲ ವರ್ಷ ವಿಭಕ್ತಿ ಪ್ರತ್ಯಯಗಳನ್ನು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದೆ. ಪರೀಕ್ಷೆಯಲ್ಲಿ ಎಲ್ಲರೂ ಚೆನ್ನಾಗಿ ಬರೆದರು. ದೇವರಾಜ ಮಾರ್ಕೆಟ್ಟಿಗೆ ಕರೆದುಕೊಂಡು ಹೋದರೆ ಒಬ್ಬರೂ ಬಾಯಿ ಬಿಡಲಿಲ್ಲ.

ಒಂದು ದಿನ ಬಿಹಾರದ ಮೇಷ್ಟ್ರೊಬ್ಬರು, "ಬಸ್ಸು ಬಂದಳು" ಎಂದರು. ಬೇರೆ ದಿನವಾಗಿದ್ದರೆ ತಿದ್ದಿ ಮುಂದೆ ಹೋಗುತ್ತಿದ್ದೆ. ಆವತ್ತು ನಿಂತು ಯೋಚಿಸಿದೆ. ಹಿಂದಿಯಲ್ಲಿ ಬಸ್ಸು ಸ್ತ್ರೀಲಿಂಗ ಅಲ್ವಾ! ಅವರ ತಪ್ಪಿಗೊಂದು ಲೆಕ್ಕವಿತ್ತು. ಕಲಿಯುವವರ ತಪ್ಪುಗಳಿಗೂ ಒಂದು ಕ್ರಮವಿರುತ್ತದೆ ಎಂದು ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲಿ ಬರೆದ ಲೇಖನವನ್ನು ಪರೀಕ್ಷೆಗೆಂದು ಓದಿದ್ದೆ. ಅದು ಅರ್ಥವಾದದ್ದು ಆ ಬಸ್ಸಿನಿಂದ.

ಅವತ್ತೇ ಒಂದು ನೋಟ್‌ಬುಕ್ಕು ಇಟ್ಟೆ. ಯಾರು, ಯಾವ ಭಾಷೆಯವರು, ಏನಂದರು, ಅಷ್ಟೇ. ತಿಂಗಳುಗಳು ಕಳೆದ ಹಾಗೆ ಒಂದು ಪುಟ ಜಾಸ್ತಿ ತುಂಬಿತು. "ಇದು ನನ್ನ ಪುಸ್ತಕ ಇಲ್ಲ." ಹಿಂದಿಯವರೂ ಹೇಳುತ್ತಿದ್ದರು, ತಮಿಳಿನವರೂ ಹೇಳುತ್ತಿದ್ದರು. ಮಲಯಾಳಿಗಳು, ತೆಲುಗರು ಹೇಳುತ್ತಿರಲಿಲ್ಲ. ಹಿಂದಿಯಲ್ಲಿ 'ಅಲ್ಲ', 'ಇಲ್ಲ' ಎರಡಕ್ಕೂ 'ನಹೀಂ', ಇವತ್ತಿನ ತಮಿಳಿನಲ್ಲಿ ಎರಡಕ್ಕೂ 'ಇಲ್ಲೈ'. ಮಲಯಾಳದಲ್ಲಿ ನಮ್ಮ ಹಾಗೇ 'ಅಲ್ಲ', 'ಇಲ್ಲ' ಬೇರೆ ಬೇರೆ. ತೆಲುಗಿನಲ್ಲೂ 'ಕಾದು', 'ಲೇದು' ಇವೆ. ಒಂದೇ ಕ್ಲಾಸಿನಲ್ಲಿ ಕೂತವರಿಗೆ ಒಂದೇ ಪಾಠ ಸಾಲದು ಅಂತ ನನಗೆ ಗೊತ್ತಾದದ್ದು ಹೀಗೆ. ನನ್ನ ಪಿಎಚ್.ಡಿ. ವಿಷಯವೂ ಆ ಪುಟದಿಂದಲೇ ಹುಟ್ಟಿತು.

ಕಲಿಸುವ ದಾರಿ ಸಿಕ್ಕಿದ್ದು ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರಿಂದ. 1979ರಿಂದ 1984ರವರೆಗೆ ನಡೆದ ಬೆಂಗಳೂರು ಯೋಜನೆಯಲ್ಲಿ ಅವರು ಶಾಲೆಯ ಮಕ್ಕಳಿಗೆ ವ್ಯಾಕರಣದ ಬದಲು ಕೆಲಸ ಕೊಟ್ಟು ಇಂಗ್ಲಿಷ್ ಕಲಿಸಿದರು. ರೈಲಿನ ವೇಳಾಪಟ್ಟಿ ನೋಡಿ ಲೆಕ್ಕ ಹಾಕುವಂಥ ಕೆಲಸ. ಕನ್ನಡಕ್ಕೂ ಇದು ಆಗುತ್ತದೆ ಅನ್ನಿಸಿತು. ಎಲ್ಲರ ಬ್ಯಾಗಿನ ಸಾಮಾನು ಮೇಜಿನ ಮೇಲೆ ಸುರಿಸಿದೆ. "ಈ ಕೊಡೆ ನಿಮ್ಮದಾ?" "ಅಲ್ಲ." "ನಿಮ್ಮ ಹತ್ತಿರ ಕೊಡೆ ಇದೆಯಾ?" "ಇಲ್ಲ." ಯಾವ ಸಾಮಾನು ಯಾರದ್ದು ಅಂತ ಕಂಡುಹಿಡಿಯಬೇಕು, ಅಷ್ಟೇ. ನಿಯಮ ಹೇಳಲೇ ಇಲ್ಲ. ಮುಂದಿನ ಸಲ ಮಾರ್ಕೆಟ್ಟಿಗೆ ಹೋದಾಗ ಮಧುರೈನ ಟೀಚರ್ ಒಬ್ಬರು ಅಂಗಡಿಯವನಿಗೆ, "ನಾನು ಕೇಳಿದ್ದು ಇದಲ್ಲ" ಎಂದರು. ನನಗೆ ಕಣ್ಣು ತುಂಬಿ ಬಂತು.

ಈಗ 'ಬೇಡ'ದ ಪುಟ ತುಂಬುತ್ತಿದೆ. ಮೊನ್ನೆ ಮನೆಗೆ ಬಂದ ವಿದ್ಯಾರ್ಥಿಗೆ ಟೀ ಕೊಡಲಾ ಅಂದರೆ, "ಟೀ ಇಲ್ಲ" ಎಂದರು. ಸೋಮವಾರದ ಕ್ಲಾಸಿಗೆ ಫ್ಲಾಸ್ಕಿನಲ್ಲಿ ಟೀ ಒಯ್ಯುತ್ತಿದ್ದೇನೆ.