ಊರಿನ ಗುಡ್ಡದಲ್ಲೇ ಟ್ರೆಕ್ಕಿಂಗ್ ಗೈಡ್ ಆಗುವುದು ಹೇಗೆ?

ಶನಿವಾರ ಬೆಳಿಗ್ಗೆ ತಾಳಗುಪ್ಪದ ರೈಲು ಸಾಗರಕ್ಕೆ ಬಂದಾಗ ಪ್ಲಾಟ್‌ಫಾರ್ಮ್ ತುಂಬ ಬೆನ್ನುಚೀಲಗಳೇ. ಒಂದು ಗುಂಪು ಕೊಡಚಾದ್ರಿಗೆ, ಇನ್ನೊಂದು ಜೋಗಕ್ಕೆ. ಅವರನ್ನು ಕರೆದುಕೊಂಡು ಬರುವ ಗೈಡ್ ಕೂಡ ಎಷ್ಟೋ ಸಲ ಬೆಂಗಳೂರಿನವರೇ. ನಮ್ಮ ಮಕ್ಕಳು ಅದೇ ರೈಲು ಹತ್ತಿ ಕೆಲಸ ಹುಡುಕಿಕೊಂಡು ಆ ಕಡೆ ಹೋಗುತ್ತಾರೆ. ಇದು ನನ್ನನ್ನು ತುಂಬಾ ದಿನದಿಂದ ಕೊರೆಯುತ್ತಿದೆ. ಹೊಸನಗರ, ಸಾಗರದ ಗುಡ್ಡಗಳಲ್ಲಿ ಒಂಬತ್ತು ವರ್ಷದಿಂದ ಜನರನ್ನು ನಡೆಸುತ್ತಿದ್ದೇನೆ. ಈ ಕೆಲಸ ನಮ್ಮೂರಿನವರಿಗೇ ಸಿಗಬೇಕು, ಅದಕ್ಕೆ ಸರಿಯಾಗಿ ತಯಾರಾಗಬೇಕು ಅನ್ನುವುದು ನನ್ನ ಆಸೆ.

ಒಂದು ಗುಡ್ಡ, ಒಂದು ವರ್ಷ

ಮೊದಲು ಒಂದೇ ಗುಡ್ಡ ಆರಿಸಿಕೊಳ್ಳಿ. ಮನೆಗೆ ಹತ್ತಿರದ್ದು ಯಾವುದಾದರೂ ಸರಿ. ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ಅದನ್ನು ಹತ್ತಿ ಇಳಿಯಿರಿ. ಚಿಕ್ಕಂದಿನಿಂದ ದನ ಮೇಯಿಸಿದ ಜಾಗ, ದಾರಿ ಗೊತ್ತು ಅನ್ನುತ್ತೀರಿ. ಗೊತ್ತಿರುತ್ತದೆ. ಆದರೆ ನಿಮ್ಮ ಕಾಲಿಗೆ ಒಂದು ಗಂಟೆಯ ದಾರಿ, ವಾರವಿಡೀ ಕುರ್ಚಿಯಲ್ಲಿ ಕೂತವರಿಗೆ ಎರಡೂವರೆ ಗಂಟೆ.

ಅದಕ್ಕೆ ಒಂದು ನೋಟ್‌ಬುಕ್ ಇಡಿ. ಎಲ್ಲಿಂದ ಎಲ್ಲಿಗೆ ಎಷ್ಟು ಹೊತ್ತು ಹಿಡಿಯಿತು? ಯಾವ ಹಳ್ಳದಲ್ಲಿ ಯಾವ ತಿಂಗಳವರೆಗೆ ನೀರಿದೆ? ಮೊಬೈಲ್ ಸಿಗ್ನಲ್ ಸಿಗುವ ಬಂಡೆ ಯಾವುದು? ಜೀಪು ಎಲ್ಲಿಯವರೆಗೆ ಬರುತ್ತದೆ? ಕೊನೆಯ ಎರಡು ಪ್ರಶ್ನೆಗಳು ಸುಮ್ನೆ ಬರೆದಿಡುವುದಕ್ಕಲ್ಲ. ಯಾರಿಗಾದರೂ ಕಾಲು ಮುರಿದ ದಿನ ನಿಮಗೆ ಬೇಕಾಗುವುದು ಈ ಎರಡೇ.

ಜೊತೆಗೆ ಹಿರಿಯ ಗೈಡ್ ಒಬ್ಬರ ಗುಂಪಿನಲ್ಲಿ ಹಿಂದಿನವರಾಗಿ ಹೋಗಿ. ಸಾಲಿನ ಕೊನೆಯಲ್ಲಿ ನಡೆದರೆ ಯಾರು ಸುಸ್ತಾಗಿದ್ದಾರೆ, ಯಾರ ಶೂ ಕಚ್ಚುತ್ತಿದೆ, ಯಾರು ಬಾಯಿಬಿಟ್ಟು ಹೇಳುತ್ತಿಲ್ಲ ಎಲ್ಲವೂ ಕಾಣುತ್ತದೆ. ಮುಂದೆ ನಡೆಯುವವರಿಗೆ ಇದು ಕಾಣುವುದಿಲ್ಲ.

ಅನುಮತಿ

ಕೊಡಚಾದ್ರಿಯ ಕಾಡು ಮೂಕಾಂಬಿಕಾ ಅಭಯಾರಣ್ಯಕ್ಕೆ ಸೇರಿದ್ದು. ಆಗುಂಬೆ ಪಕ್ಕದಲ್ಲೇ ಸೋಮೇಶ್ವರ ಅಭಯಾರಣ್ಯ. ಅಂದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ದಾರಿಗಳಲ್ಲಿ ಚಾರಣವನ್ನೇ ಸರ್ಕಾರ ಕೆಲವು ಕಾಲ ನಿಲ್ಲಿಸಿತ್ತು. ಈಗ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಟಿಕೆಟ್ ಪಡೆಯಬೇಕು. ನಿಮ್ಮ ವಲಯ ಅರಣ್ಯ ಕಚೇರಿಗೆ ನೀವೇ ಹೋಗಿ, ಯಾವ ದಾರಿ ತೆರೆದಿದೆ ಎಂದು ಕೇಳಿ ಬನ್ನಿ. ಫಾರೆಸ್ಟ್ ವಾಚರ್‌ಗಳ ಪರಿಚಯ ಮಾಡಿಕೊಳ್ಳಿ. ಕಾಡಿನ ಸುದ್ದಿ ಮೊದಲು ಗೊತ್ತಾಗುವುದು ಅವರಿಗೆ.

ಏನು ಕಲಿಯಬೇಕು, ಯಾವುದನ್ನು ಮೊದಲು

ಹೆಚ್ಚಿನವರು ಮೊದಲೇ ಹಿಮಾಲಯದ ಕೋರ್ಸ್ ಬಗ್ಗೆ ಕೇಳುತ್ತಾರೆ. ನಾನು ಹೇಳುವುದು, ಮೊದಲು ಪ್ರಥಮ ಚಿಕಿತ್ಸೆ. ರಕ್ತ ನಿಲ್ಲಿಸುವುದು, ಮುರಿದ ಮೂಳೆಗೆ ಆಸರೆ ಕಟ್ಟುವುದು, ಎದೆ ಒತ್ತಿ ಉಸಿರು ಉಳಿಸುವುದು. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ಇದನ್ನು ಕಲಿಸುತ್ತವೆ. ಆಸ್ಪತ್ರೆ ದೂರ ಇರುವ ಜಾಗಕ್ಕೆಂದೇ ರೂಪಿಸಿದ ವೈಲ್ಡರ್ನೆಸ್ ಫಸ್ಟ್ ಏಡ್ ಕೋರ್ಸ್ ಸಿಕ್ಕರೆ ಇನ್ನೂ ಒಳ್ಳೆಯದು.

ಆಮೇಲೆ ಹಗ್ಗದ ಕೆಲಸ. ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಅಲ್ಲಿ ವಿಚಾರಿಸಿ. ಇದರಲ್ಲೇ ಜೀವನ ಎಂದು ತೀರ್ಮಾನಿಸಿದವರು ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಗೋ (1954ರಲ್ಲಿ ಶುರುವಾದದ್ದು) ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಗೋ (1965) ಅರ್ಜಿ ಹಾಕಬಹುದು. ಮೂಲ ಕೋರ್ಸ್ ಸುಮಾರು ಒಂದು ತಿಂಗಳದ್ದು. ನಮ್ಮಲ್ಲಿ ಹಿಮ ಇಲ್ಲ, ನಿಜ. ಆದರೆ ಸುಸ್ತಾದ ಗುಂಪನ್ನು ಹೇಗೆ ನಡೆಸುವುದು ಅನ್ನುವ ಪಾಠ ಎಲ್ಲ ಗುಡ್ಡಕ್ಕೂ ಒಂದೇ.

ನಮ್ಮ ಕಾಡಿನ ಪಾಠ

ಇದನ್ನು ಡಾರ್ಜಿಲಿಂಗ್‌ನಲ್ಲಿ ಯಾರೂ ಕಲಿಸುವುದಿಲ್ಲ. ಇಂಬಳದಿಂದ (ಜಿಗಣೆ) ಶುರು ಮಾಡೋಣ. ಅದು ಕಚ್ಚಿದರೆ ನೋವಿಲ್ಲ, ಆದರೆ ರಕ್ತ ಬೇಗ ನಿಲ್ಲುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿದೆ. ಇದನ್ನು ನಡಿಗೆ ಶುರುವಾಗುವ ಮೊದಲೇ ಹೇಳಿಬಿಡಿ. ಗೊತ್ತಿದ್ದವರು ಗಾಬರಿ ಬೀಳುವುದಿಲ್ಲ.

ಉಣುಗು (ಉಣ್ಣೆ ಹುಳ) ಹಾಗಲ್ಲ. ಅದು ಕಚ್ಚಿದರೆ ಮಂಗನ ಕಾಯಿಲೆ ಬರಬಹುದು. ಈ ಕಾಯಿಲೆ ಮೊದಲು ಪತ್ತೆಯಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಇದರ ಭಯ ಜಾಸ್ತಿ. ಟ್ರೆಕ್ಕಿಂಗ್ ಸೀಸನ್‌ನ ದೊಡ್ಡ ಭಾಗವೂ ಅದೇ ಅಲ್ವಾ? ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೀಪಾ ತೈಲ ಹಚ್ಚಿಕೊಳ್ಳಿ. ಉದ್ದ ತೋಳಿನ ಅಂಗಿ ಹಾಕಿಸಿ. ದರಕಿನ (ಉದುರಿದ ಒಣ ಎಲೆ) ಮೇಲೆ ಕೂರಲು, ಮಲಗಲು ಬಿಡಬೇಡಿ. ಸತ್ತ ಮಂಗ ಕಂಡರೆ ಗುಂಪನ್ನು ವಾಪಸ್ ತಿರುಗಿಸಿ, ಇಲಾಖೆಗೆ ತಿಳಿಸಿ. ಊರಿಗೆ ಹೋದ ಮೇಲೆ ಎರಡು ವಾರದೊಳಗೆ ಜ್ವರ ಬಂದರೆ 'ಮಲೆನಾಡಿನ ಕಾಡಿಗೆ ಹೋಗಿದ್ದೆ' ಎಂದು ಡಾಕ್ಟರಿಗೆ ಹೇಳಿ ಅಂತ ಪ್ರತಿಯೊಬ್ಬರಿಗೂ ಹೇಳಿ ಕಳಿಸಿ. ನಗರದ ಡಾಕ್ಟರಿಗೆ ಈ ಕಾಯಿಲೆ ತಟ್ಟನೆ ನೆನಪಾಗದೇ ಇರಬಹುದು.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು, ಹೊತ್ತುಕೊಂಡು ಹೋಗಿ. 108ಕ್ಕೆ ಫೋನ್ ಮಾಡಿ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಔಷಧ ನಾಲ್ಕು ಜಾತಿಯ ಹಾವುಗಳ ವಿಷಕ್ಕೆ ತಯಾರಾದದ್ದು. ಆಗುಂಬೆಯ ಕಾಳಿಂಗ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ದಾರಿಯಲ್ಲಿ ಕಾಳಿಂಗ ಕಂಡರೆ ಫೋಟೋ ಆಸೆ ಬಿಟ್ಟು, ದೂರ ನಿಂತು ಅದಕ್ಕೆ ಹೋಗಲು ಜಾಗ ಕೊಡಬೇಕು. ಸುತ್ತು ಹಾಕಿಕೊಂಡು ಹೋದರೂ ಸರಿ.

ವಾಪಸಾಗುವ ಹೊತ್ತು

ಎರಡನೇ ವರ್ಷದ ಮಾತು. ಪುನರ್ವಸು ಮಳೆ. ಬೆಂಗಳೂರಿನ ಒಂದು ಕಂಪನಿಯ 14 ಜನರನ್ನು ಹಿಡ್ಲುಮನೆ ಜಲಪಾತದ ಕಡೆ ಕರೆದುಕೊಂಡು ಹೋಗಿದ್ದೆ. ಹೋಗುವಾಗ ಹಳ್ಳದ ನೀರು ಪಾದದ ಗಂಟಿನವರೆಗೆ ಇತ್ತು. ಮೇಲೆ ಕಪ್ಪಾಯಿತು. ತಿರುಗೋಣ ಅಂದೆ. 'ಅಣ್ಣಾ, ಇಷ್ಟು ದೂರ ಬಂದಿದ್ದೀವಿ, ಇನ್ನು ಅರ್ಧ ಗಂಟೆ ಅಲ್ವಾ?' ಅಂದರು. ನಾನು ಒಪ್ಪಿದೆ. ಬರುವಾಗ ಅದೇ ಹಳ್ಳದಲ್ಲಿ ತೊಡೆಮಟ್ಟ ಕೆಂಪು ನೀರು. ಒಬ್ಬರು ಇಳಿದೇಬಿಟ್ಟರು, ಜಾರಿದರು. ಇಬ್ಬರು ಸೇರಿ ಅವರ ಚೀಲ ಹಿಡಿದು ಎಳೆದೆವು. ಮಂಡಿ ಒಡೆದಿತ್ತು, ಜೀವ ಉಳಿಯಿತು. ನೀರು ಇಳಿಯುವವರೆಗೆ ಮೂರು ಗಂಟೆ ನೆನೆಯುತ್ತಾ ಕೂತೆವು. ತಪ್ಪು ನನ್ನದೇ.

ಅವತ್ತಿನಿಂದ ನಾನು ಹೊರಡುವ ಮೊದಲೇ ಎಲ್ಲರನ್ನೂ ನಿಲ್ಲಿಸಿ ಹೇಳುತ್ತೇನೆ: 'ಒಂದು ಗಂಟೆಗೆ ಎಲ್ಲಿದ್ದರೂ ವಾಪಸ್. ಮಂಡಿಗಿಂತ ಮೇಲೆ ನೀರಿದ್ದರೆ, ತಳ ಕಾಣದಿದ್ದರೆ ದಾಟುವುದಿಲ್ಲ.' ಬೆಳಿಗ್ಗೆ ಮನಸ್ಸು ತಣ್ಣಗಿರುವಾಗ ಎಲ್ಲರೂ ಹೂಂ ಅನ್ನುತ್ತಾರೆ. ಮಧ್ಯಾಹ್ನ ಗುಡ್ಡದ ತುದಿ ಕಾಣುವಾಗ ಅದೇ ಮಾತು ಜಗಳವಾಗುತ್ತದೆ. ಏಪ್ರಿಲ್, ಮೇನಲ್ಲಿ ಸಿಡಿಲಿಗೂ ಇದೇ ನಿಯಮ. ಮಿಂಚು ಕಂಡು 30 ಸೆಕೆಂಡ್ ಒಳಗೆ ಗುಡುಗು ಕೇಳಿದರೆ ಬೋಳುಗುಡ್ಡದ ನೆತ್ತಿಯಿಂದ ಆ ಕ್ಷಣ ಇಳಿಯಬೇಕು.

ನೀರಿನ ಕೆಲಸ ಬೇಕಿದ್ದರೆ

ಹೊನ್ನೆಮರಡುವಿನಂಥ ಶರಾವತಿ ಹಿನ್ನೀರಿನ ಜಾಗಗಳಲ್ಲಿ ದೋಣಿ, ತೆಪ್ಪ ನಡೆಸಲು ಈಜು ಬಂದರೆ ಸಾಲದು, ಮುಳುಗುವವರನ್ನು ಎಳೆದು ತರುವುದು ಗೊತ್ತಿರಬೇಕು. ಪತ್ರಿಕೆಯಲ್ಲಿ ಲಿಂಗನಮಕ್ಕಿ ಜಲಾಶಯದ ನೀರಿನ ಮಟ್ಟ ದಿನಾ ನೋಡಿ. ತುಂಬಿದರೆ 1,819 ಅಡಿ. ಮಟ್ಟ ಇಳಿದ ಹಾಗೆ, ಮುಳುಗಿದ ಹಳೇ ಕಾಡಿನ ಬೊಡ್ಡೆಗಳು ನೀರಿನ ಮೇಲ್ಮಟ್ಟದ ಹತ್ತಿರಕ್ಕೇ ಬಂದು ಕೂತಿರುತ್ತವೆ. ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ಹತ್ತಿಸಬೇಡಿ, ನೆಂಟರನ್ನು ಕೂಡ.

ಮಾತು ಮತ್ತು ದುಡ್ಡು

ಬಂದವರಿಗೆ ನಮ್ಮ ಜಾಗದ ಬಗ್ಗೆ ಹೇಳಿ. ಕವಲೇದುರ್ಗದಲ್ಲಿ ಕೆಳದಿ ಅರಸರ ಬಗ್ಗೆ. ಶರಾವತಿ ಕಣಿವೆಯಲ್ಲಿ ಸಿಂಗಳೀಕದ ಬಗ್ಗೆ. ಹಾವುಗಳಲ್ಲಿ ಎಲೆ ಗುಡ್ಡೆ ಹಾಕಿ ಗೂಡು ಕಟ್ಟುವುದು ಕಾಳಿಂಗ ಮಾತ್ರ ಎಂದರೆ ಮಕ್ಕಳು ಕಣ್ಣರಳಿಸುತ್ತಾರೆ. ಗೊತ್ತಿಲ್ಲದ್ದನ್ನು ಮಾತ್ರ ಕಟ್ಟಿ ಹೇಳಬೇಡಿ.

ಸಂಬಳದ ವಿಷಯ ನೇರವಾಗಿ ಹೇಳುತ್ತೇನೆ. ಕೆಲಸ ಜೋರಾಗಿರುವುದು ಅಕ್ಟೋಬರ್‌ನಿಂದ ಫೆಬ್ರವರಿ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳುವ ಭಯಕ್ಕೆ ಎಷ್ಟೋ ದಾರಿಗಳು ಮುಚ್ಚುತ್ತವೆ. ತೋಟ, ಹೋಂಸ್ಟೇ, ಜೀಪು ಯಾವುದಾದರೂ ಜೊತೆಗಿರಲಿ. ತಲೆಗೆ ಇಷ್ಟು ಅನ್ನುವುದಕ್ಕಿಂತ ದಿನಕ್ಕೆ ಇಷ್ಟು ಎಂದು ಮಾತಾಡಿ. ಇಲ್ಲದಿದ್ದರೆ ಜನ ಜಾಸ್ತಿ ತುಂಬಿಸುವ ಆಸೆ ಬರುತ್ತದೆ. ನಾನು ಹತ್ತು ಜನಕ್ಕಿಂತ ಜಾಸ್ತಿ ಇದ್ದರೆ ಇನ್ನೊಬ್ಬ ಗೈಡ್ ಇಲ್ಲದೆ ಹೊರಡುವುದಿಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ, ಅಪಘಾತಕ್ಕೆ 2 ಲಕ್ಷದವರೆಗೆ ವಿಮೆ. ಇವತ್ತೇ ಮಾಡಿಸಿ. ಗುಂಪಿನವರಿಗೆ ಬೇರೆ ವಿಮೆ ಬೇಕು, ಅದರ ಖರ್ಚನ್ನು ದರದಲ್ಲೇ ಸೇರಿಸಿ ಮೊದಲೇ ತಿಳಿಸಿ.